ಅರೇಹಳ್ಳಿಯಿಂದ ಸಾಲಗಾಮೆ ರಸ್ತೆಯವರೆಗೆ

ಜನವರಿಯ ಮೊದಲ ವಾರ. ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಸುತ್ತಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿದೆ. ರೊಬಸ್ಟಾ ಕೆಂಪಿಗೆ ತಿರುಗುತ್ತಿದೆ. ಬೆಳಗಿನ ಆರೂವರೆಗೆ ಸಿಲ್ವರ್ ಓಕ್ ಸಾಲುಗಳ ನಡುವೆ ಮಂಜು ಇನ್ನೂ ಕೂತೇ ಇದೆ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿಂದ ಹನಿ ತೊಟ್ಟಿಕ್ಕುತ್ತದೆ. ಹಣ್ಣು ಕುಯ್ಯಲು ಹೋಗುವವರನ್ನು ತುಂಬಿಕೊಂಡ ಪಿಕಪ್ ಗಾಡಿಗಳು ಒಂದು ದಿಕ್ಕಿಗೆ ಹೊರಟರೆ, ಬೇಲೂರಿನ ಬಸ್ಸಿಗೆ ಕಾಯುವವರು ಇನ್ನೊಂದು ದಿಕ್ಕಿಗೆ ಮುಖ ಮಾಡಿ ನಿಂತಿದ್ದಾರೆ. ಅವರ ನಡುವೆ ಸ್ವೆಟರಿನ ಮೇಲೆ ಕಾಲೇಜಿನ ಐಡಿ ಕಾರ್ಡು ಇಳಿಬಿಟ್ಟುಕೊಂಡ ನಾಲ್ಕಾರು ಹುಡುಗ ಹುಡುಗಿಯರು. ಬೆನ್ನಿಗೆ ಬ್ಯಾಗು, ಕೈಯಲ್ಲಿ, ಇಬ್ಬನಿ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಲ್ಯಾಬ್ ರೆಕಾರ್ಡು.

"ಸರ್ಕ್ಯುಲರ್ ಕ್ಯೂ ಒಂದು ಬರದೆ ಇದ್ರೆ ಸಾಕು ಕಣೋ."

"ನಂಗೆ ಕ್ಯೂ ಬರ್ಲಿ. ಟ್ರೀ ಬಂದ್ರೆ ಕಥೆ ಮುಗೀತು ಮಗಾ."

ಪಕ್ಕದಲ್ಲಿ ಹಾಲಿನ ಕ್ಯಾನು ಹಿಡಿದು ನಿಂತ ಹಿರಿಯರೊಬ್ಬರು ಇದನ್ನೆಲ್ಲ ಕೇಳಿಸಿಕೊಳ್ಳುತ್ತ, ಮಕ್ಕಳು ಎಂಥದೋ ಮರದ ಲೆಕ್ಕ ಮಾತಾಡುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದಾರೆ. ಕಂಪ್ಯೂಟರ್ ಸೈನ್ಸಿನ ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ ಲ್ಯಾಬ್ ಪರೀಕ್ಷೆ ಅಂದು.

ಕಾಫಿ ಸೀಮೆಯಲ್ಲಿ ಈ ಓದಿಗೆ ಒಂದು ವಿಚಿತ್ರ ಕಷ್ಟವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬೆಸ ಸೆಮಿಸ್ಟರ್ ಪರೀಕ್ಷೆಗಳು ಸಾಮಾನ್ಯವಾಗಿ ಬರುವುದು ಡಿಸೆಂಬರ್‌ನಿಂದ ಫೆಬ್ರವರಿಯ ನಡುವೆ. ತೋಟದಲ್ಲಿ ಹಣ್ಣು ಕೈಗೆ ಬರುವುದೂ ಆಗಲೇ. ದೊಡ್ಡ ಎಸ್ಟೇಟಿನವರಿಗೆ ಆಳು, ಮೇಸ್ತ್ರಿ, ರೈಟರ್ ಎಲ್ಲ ಇರುತ್ತಾರೆ. ಎರಡು ಮೂರು ಎಕರೆಯ ಮನೆಯಲ್ಲಿ ಕೊಯ್ಲೆಂದರೆ ಮನೆಮಂದಿಯೆಲ್ಲ ಗಿಡದ ಬುಡದಲ್ಲಿರಬೇಕು. ಕುಯ್ದ ಹಣ್ಣನ್ನು ಕಣಕ್ಕೆ ಹರಡಬೇಕು, ಹೊತ್ತು ಹೊತ್ತಿಗೆ ಕೈಯಾಡಿಸಬೇಕು, ಮೋಡ ಕಂಡರೆ ಟಾರ್ಪಾಲು ಎಳೆಯಬೇಕು. ಅಂಥ ಮನೆಯ ಮಗಳು ಹಾಸ್ಟೆಲಿನಿಂದ ಸ್ಟಡಿ ಹಾಲಿಡೇಗೆ ಬಂದರೆ, ಕಣದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆಪರೇಟಿಂಗ್ ಸಿಸ್ಟಮ್ ಪುಸ್ತಕ ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಗಂಟೆಗೊಮ್ಮೆ ಎದ್ದು ಹೋಗಿ ಕಾಫಿ ಎಳೆದು ಬರುತ್ತಾಳೆ. ಪುಟದ ಅಂಚಿನಲ್ಲಿ ಹಣ್ಣಿನ ಸಿಪ್ಪೆಯ ಕಂದು ಕಲೆ.

"ಅದೇನವ್ವ ಅಷ್ಟೊತ್ತು ಓದೋದು? ಕಂಪ್ಯೂಟ್ರು ಅಂದ್ಮೇಲೆ ಎದುರಿಗೆ ಕಂಪ್ಯೂಟ್ರು ಬ್ಯಾಡ್ವೇ?" ಅಂತ ಅಜ್ಜಿ ಕೇಳುತ್ತಾರೆ. ಅಜ್ಜಿಯ ಪ್ರಶ್ನೆ ಹಗುರವಾದದ್ದಲ್ಲ. ಈ ಓದಿನ ಹೆಚ್ಚು ಪಾಲು ನಡೆಯುವುದು ಕಾಗದದ ಮೇಲೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ಪರೀಕ್ಷೆಯಲ್ಲಿ ಪ್ರೋಗ್ರಾಮನ್ನು ಪೆನ್ನಿನಲ್ಲಿ ಬರೆಯಬೇಕು. ಪ್ರತಿ ಸಾಲು ಓಡಿದ ಮೇಲೆ ಯಾವ ಚರದ ಬೆಲೆ ಎಷ್ಟಾಯಿತು ಎಂದು ಪೆನ್ಸಿಲಿನಲ್ಲಿ ಕೋಷ್ಟಕ ಹಾಕಿ ನೋಡಬೇಕು. ಲ್ಯಾಪ್‌ಟಾಪ್ ಇಲ್ಲದ ಮೊದಲ ವರ್ಷದಲ್ಲಿ ಹಳ್ಳಿಯ ಎಷ್ಟೋ ಮಕ್ಕಳು ಹೀಗೆ ನೋಟ್‌ಬುಕ್ಕಿನಲ್ಲೇ ಪ್ರೋಗ್ರಾಂ ಓಡಿಸಿ ಕಲಿಯುತ್ತಾರೆ. ಕೊರತೆಯಿಂದ ಹುಟ್ಟಿದ ಈ ಅಭ್ಯಾಸ ಮುಂದೆ ಅವರ ದೊಡ್ಡ ಬಲವಾಗುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಸೀಟು ಸಿಗುವ ಮುನ್ನವೇ ಈ ಮಕ್ಕಳಿಗೆ ಕಂಪ್ಯೂಟರಿನ ಜೊತೆ ಒಂದು ವ್ಯವಹಾರ ಶುರುವಾಗಿರುತ್ತದೆ. ಅರೇಹಳ್ಳಿ ಹೋಬಳಿ ಕೇಂದ್ರ, ಇಲ್ಲಿ ನಾಡಕಚೇರಿಯಿದೆ. ಸಿಇಟಿಗೆ ಅರ್ಜಿ ಹಾಕುವ ಹೊತ್ತಿಗೆ ಅಪ್ಪನೋ ಅಮ್ಮನೋ ಮಗುವನ್ನು ಕರೆದುಕೊಂಡು ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಬರುತ್ತಾರೆ. ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ತುಂಬಬೇಕು. ಒಂದು ಅಂಕಿ ತಪ್ಪಿದರೆ ಮೀಸಲಾತಿಯೇ ಕೈತಪ್ಪೀತು ಎಂಬ ಅಂಜಿಕೆಯಿಂದ ಆ ಸಂಖ್ಯೆಯನ್ನು ಅಂಗೈ ಮೇಲೂ ಬರೆದುಕೊಳ್ಳುವವರುಂಟು. ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ 15 ಪ್ರತಿಶತದ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ 5 ಪ್ರತಿಶತ. ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ ಸೇರಿ ರ‍್ಯಾಂಕು. ಆಮೇಲೆ ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟ್ ಎಂದು ಬೇಸಿಗೆ ಕಳೆದು ಮಳೆ ಹಿಡಿಯುವವರೆಗೂ ಮನೆಯಲ್ಲಿ ಇದೇ ಮಾತು. ಯಾವ ಕಾಲೇಜನ್ನು ಮೊದಲು ಹಾಕಬೇಕು ಎಂದು ಹೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಬ್ರಾಂಚು ಮಾತ್ರ ತೀರ್ಮಾನವಾಗಿರುತ್ತದೆ. ಸಿ.ಎಸ್. ಸಿಕ್ಕರೆ ಬೆಂಗಳೂರಿನಲ್ಲಿ ಕೆಲಸ, ಕೆಲಸ ಸಿಕ್ಕರೆ ತೋಟದ ಸಾಲ ತೀರೀತು ಎಂಬ ಲೆಕ್ಕ. ಈ ಲೆಕ್ಕವನ್ನು ಕೀಳು ಮಾಡಿ ನೋಡುವುದು ತಪ್ಪು. ಬೆಲೆ ಬಿದ್ದ ವರ್ಷಗಳಲ್ಲಿ ಕಾಫಿ ಎಷ್ಟು ಮನೆಗಳನ್ನು ಅಲ್ಲಾಡಿಸಿದೆ ಎಂಬುದನ್ನು ಕಂಡವರೇ ಅದನ್ನು ಹಾಕುತ್ತಿರುವುದು.

ಬಿ.ಇ. ಸೀಟು ಸಿಗದವರಿಗೆ ಬಿಸಿಎ ಇದೆ, ಕಂಪ್ಯೂಟರ್ ಸೈನ್ಸನ್ನು ಒಂದು ವಿಷಯವಾಗಿ ಓದುವ ಬಿ.ಎಸ್ಸಿ. ಇದೆ, ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಯಾವುದಕ್ಕೇ ಸೇರಲಿ, ಹೆಚ್ಚಿನವರ ಹಾದಿ ಬೇಲೂರಿನ ಮೇಲೆಯೇ.

ಬಸ್ಸು ತೋಟಗಳನ್ನು ದಾಟಿ ಗದ್ದೆ ಬಯಲಿಗಿಳಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ಹಣವಿಲ್ಲ. ವಾರಕ್ಕೊಮ್ಮೆ ಮನೆಗೆ ಬಂದು ಹೋಗುವುದು ಖರ್ಚಿನ ಬಾಬತ್ತಾಗಿ ಉಳಿದಿಲ್ಲ. "ಹಾಸನಕ್ಕೆ ಬೇಡ, ಬೇಲೂರಲ್ಲೇ ಏನಾದ್ರೂ ಓದು" ಎನ್ನುತ್ತಿದ್ದ ಅಪ್ಪಂದಿರಿಗೆ ಒಂದು ನೆಪ ಕಡಿಮೆಯಾಗಿದೆ. ಬೇಲೂರಿನಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಚೆನ್ನಕೇಶವನ ಗುಡಿಗೆ ಹೋಗುವ ಪ್ರವಾಸಿಗಳ ಗಾಡಿಗಳು ಬರಲಾರಂಭಿಸಿರುತ್ತವೆ. 1117ರ ಆ ಗುಡಿ ಹಳೇಬೀಡು, ಸೋಮನಾಥಪುರಗಳ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪ್ರವಾಸಿಗಳು ಗೋಪುರದತ್ತ ಕೈ ತೋರುತ್ತಿದ್ದರೆ ನಮ್ಮ ಹುಡುಗರು ಹಾಸನದ ಬಸ್ಸಿನ ಕಿಟಕಿಯಿಂದ ಬ್ಯಾಗು ತೂರಿಸಿ ಸೀಟು ಹಿಡಿಯುತ್ತಿರುತ್ತಾರೆ.

ಹಾಸನದ ಸಾಲಗಾಮೆ ರಸ್ತೆಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವುದು ಆ ರಸ್ತೆಯಲ್ಲಿ. 1960ರಲ್ಲಿ ಅದು ಶುರುವಾದಾಗ ನಮ್ಮ ದೇಶದಲ್ಲಿ ಕಂಪ್ಯೂಟರ್ ಸೈನ್ಸ್ ಎಂಬ ಹೆಸರಿನ ಓದೇ ಇರಲಿಲ್ಲ. ಅದನ್ನು ಕ್ರಮಬದ್ಧ ಶಿಕ್ಷಣವಾಗಿ ಮೊದಲು ಕಲಿಸಿದ್ದು ಕಾನ್ಪುರದ ಐಐಟಿಯಲ್ಲಿ, 1965ರಲ್ಲಿ, ಪ್ರೊ. ವಿ. ರಾಜಾರಾಮನ್, ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು, ಅವರ ಪಠ್ಯಪುಸ್ತಕಗಳು ಸಣ್ಣ ಊರಿನ ಕಾಲೇಜುಗಳ ಗ್ರಂಥಾಲಯಗಳಿಗೂ ಬಂದವು. ಅದೇ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯೂ ಇದೆ. 1982ರಿಂದ ಇಲ್ಲಿ ಕೂತವರು ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದು ನಿಲ್ಲಿಸುತ್ತಿದ್ದಾರೆ. ಬಿಳಿ ಬಣ್ಣದ ಭಾರಿ ಆಂಟೆನಾಗಳು ಆಕಾಶಕ್ಕೆ ಮುಖವೊಡ್ಡಿ ನಿಂತಿರುತ್ತವೆ. ಉಪಗ್ರಹ ಎತ್ತ ಜಾರುತ್ತಿದೆ ಎಂದು ಅಳೆದು, ಎಷ್ಟು ತಳ್ಳಬೇಕೆಂದು ಲೆಕ್ಕ ಹಾಕಿ ಆಜ್ಞೆ ಕಳಿಸುವ ಕೆಲಸ ಅಲ್ಲಿ ಹಗಲು ರಾತ್ರಿ ನಡೆಯುತ್ತದೆ. ಕಂಪ್ಯೂಟರ್ ಓದು ಅಂದರೆ ಬೆಂಗಳೂರಿನ ಗಾಜಿನ ಕಟ್ಟಡ ಎಂದು ನಂಬಿ ಬಂದ ಹುಡುಗನಿಗೆ ಈ ಆಂಟೆನಾಗಳನ್ನು ಯಾರಾದರೂ ಬೆರಳು ಮಾಡಿ ತೋರಿಸಬೇಕು. ನಮ್ಮ ಜಿಲ್ಲೆಯ ನೆಲದಲ್ಲೇ ಇಂಥ ಕೆಲಸ ನಾಲ್ಕು ದಶಕದಿಂದ ನಡೆದಿದೆ.

ಹಾಸನದಲ್ಲಿ 2007ರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಬಂತು. ಖಾಸಗಿ ಕಾಲೇಜುಗಳೂ ಇವೆ. ಅತ್ತ ಚಿಕ್ಕಮಗಳೂರಿನ ಕಡೆ ಹೋಗುವವರೂ ಉಂಟು. ಎಲ್ಲಿಗೆ ಹೋದರೂ ಮೊದಲ ವರ್ಷದ ಅನುಭವ ಒಂದೇ.

ಮೊದಲ ವರ್ಷದಲ್ಲಿ ಸಿ.ಎಸ್. ಅಷ್ಟಾಗಿ ಸಿಗುವುದಿಲ್ಲ. ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎಲ್ಲ ಬ್ರಾಂಚಿನವರಿಗೂ ಸುತ್ತು. ಅದರ ನಡುವೆ ಸಿ ಭಾಷೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು, ಬೋರ್ಡಿನ ಮೇಲಿದ್ದುದನ್ನು ಅಕ್ಷರ ಬಿಡದೆ ಇಳಿಸಿಕೊಳ್ಳುತ್ತಾಳೆ. ಅರ್ಥವಾಯಿತೇ ಎಂದು ಕೇಳಿದರೆ ತಲೆಯಾಡಿಸುತ್ತಾಳೆ. ಪಾಯಿಂಟರ್ ಎಂಬ ಪಾಠಕ್ಕೆ ಬಂದಾಗ ತಲೆಯಾಡಿಸುವುದೂ ನಿಲ್ಲುತ್ತದೆ. ಆ ಭಯವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಅವಳಿಗೆ ಗಣಿತ ಬರುತ್ತದೆ, ತರ್ಕ ಬರುತ್ತದೆ, ವಾಕ್ಯ ಎಲ್ಲಿ ತಿರುಗಿತು ಎಂಬುದು ಮಾತ್ರ ಕೈಗೆ ಸಿಗುತ್ತಿಲ್ಲ. ಒಂದು ದಿನ ಲ್ಯಾಬಿನಲ್ಲಿ ಮೇಡಂ ಪಕ್ಕ ಬಂದು ನಿಂತು, "ನೋಡಮ್ಮ, ಸಾಲಾಗಿ ಪೆಟ್ಟಿಗೆ ಇಟ್ಟಿದೀನಿ ಅಂದ್ಕೋ. ಪ್ರತಿ ಪೆಟ್ಟಿಗೇಲೂ ಒಂದು ಸಾಮಾನು, ಜೊತೆಗೊಂದು ಚೀಟಿ. ಮುಂದಿನ ಪೆಟ್ಟಿಗೆ ಎಲ್ಲಿದೆ ಅನ್ನೋ ವಿಳಾಸ ಆ ಚೀಟೀಲಿದೆ. ನಡುವೆ ಹೊಸ ಪೆಟ್ಟಿಗೆ ಸೇರಿಸ್ಬೇಕು ಅಂದ್ರೆ ಎಷ್ಟು ಚೀಟಿ ಬದಲಾಯಿಸ್ತೀಯ?" ಎನ್ನುತ್ತಾರೆ. "ಎರಡು ಮೇಡಂ." "ಯಾವುದು ಮೊದಲು?" ಹುಡುಗಿ ಯೋಚಿಸುತ್ತಾಳೆ. ಹಿಂದಿನ ಪೆಟ್ಟಿಗೆಯ ಚೀಟಿಯನ್ನು ಮೊದಲು ಹರಿದರೆ ಮುಂದಿನ ಸಾಲೆಲ್ಲ ಕಳೆದುಹೋಗುತ್ತದೆ. ಹೊಸ ಪೆಟ್ಟಿಗೆಯ ಚೀಟಿಯನ್ನೇ ಮೊದಲು ಬರೆಯಬೇಕು. ಲಿಂಕ್ಡ್ ಲಿಸ್ಟಿನ ಮರ್ಮ ಇಷ್ಟೇ. ಅಂದಿನಿಂದ ಅವಳು ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ಕರ್ನಾಟಕದಲ್ಲೂ ಕೆಲವು ಕಾಲೇಜುಗಳು ಕನ್ನಡದ ಸೀಟು ತೆರೆದವು. ಸೇರಲು ಹೆಚ್ಚು ಜನ ಬರಲಿಲ್ಲ. ಬರುವುದೂ ಕಷ್ಟ. ಕೆಲಸ ಕೊಡುವವರು ಏನನ್ನುತ್ತಾರೋ ಎಂಬ ಅಳುಕು ಮನೆಯವರಿಗೆ ಇದ್ದೇ ಇರುತ್ತದೆ. ನನ್ನ ಅಭಿಪ್ರಾಯ ಬೇರೆ. ಪದವಿಯ ಮೇಲೆ ಯಾವ ಭಾಷೆಯ ಮುದ್ರೆ ಎಂಬುದು ಆಮೇಲಿನ ಪ್ರಶ್ನೆ. ಸ್ಟ್ಯಾಕು, ಕ್ಯೂ, ಪಾಯಿಂಟರ್ ಎಂಬ ಹೆಸರುಗಳು ಹಾಗೆಯೇ ಇರಲಿ. ಏಕೆ, ಹೇಗೆ ಎಂಬ ವಿವರಣೆ ಮೊದಲ ಎರಡು ಸೆಮಿಸ್ಟರ್‌ನಲ್ಲಾದರೂ ಕನ್ನಡದಲ್ಲಿ ಬರಲಿ. ಅನೇಕ ಮೇಷ್ಟ್ರುಗಳು ಇದನ್ನು ಈಗಲೂ ಮಾಡುತ್ತಾರೆ. ಆದರೆ ತಪ್ಪು ಮಾಡುವವರ ಹಾಗೆ, ತರಗತಿಯ ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಅದು ಬಾಗಿಲು ತೆರೆದು ಮಾಡಬೇಕಾದ ಕೆಲಸ.

ಕನ್ನಡವನ್ನೇ ಕಂಪ್ಯೂಟರಿನ ಪಾಠವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಒಂದು ಲ್ಯಾಬಿನ ಮಧ್ಯಾಹ್ನವನ್ನು ಇಲ್ಲಿ ಬಿಡಿಸಬೇಕು. ಉಬುಂಟು ಹಾಕಿದ ಹಳೆಯ ಯಂತ್ರಗಳ ಸಾಲು. ಫ್ಯಾನಿನ ಸದ್ದು. ಪದವೊಂದರ ಉದ್ದ ಹೇಳುವ ಪ್ರೋಗ್ರಾಂ ಬರೆಯುವುದು ಅಂದಿನ ಕೆಲಸ. ಎಲ್ಲರೂ ಇಂಗ್ಲಿಷಿನ ಪದ ಕೊಟ್ಟು ಮುಗಿಸಿದರು. ಅರೇಹಳ್ಳಿ ಕಡೆಯ ಹುಡುಗ ಊರಿನ ಹೆಸರನ್ನು ಕನ್ನಡದಲ್ಲಿ ಕೊಟ್ಟ. ಸಿ ಭಾಷೆಯ ಪ್ರೋಗ್ರಾಂ ಉತ್ತರ ಕೊಟ್ಟಿತು: 24. ಅವನಿಗೆ ದಿಗಿಲು. ಪಕ್ಕದವನು ಪೈಥಾನಿನಲ್ಲಿ ಓಡಿಸಿದ: 8. ಬೆರಳು ಮಡಿಚಿ ಎಣಿಸಿದರೆ ಅ, ರೇ, ಹ, ಳ್ಳಿ ಎಂದು ನಾಲ್ಕೇ ಅಕ್ಷರ.

ಮೂರು ಉತ್ತರಗಳೂ ಸರಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಪಂಕ್ತಿ ಇದೆ. ಅದು 1991ರ ಮೊದಲ ಆವೃತ್ತಿಯಿಂದಲೂ ಇದೆ. ಅಲ್ಲಿ ಸ್ವರಕ್ಕೊಂದು ಸಂಕೇತ, ವ್ಯಂಜನಕ್ಕೊಂದು, ಏತ್ವಕ್ಕೊಂದು, ಗುಡಿಸಿಗೊಂದು, ಒತ್ತಕ್ಷರ ಕಟ್ಟುವ ವಿರಾಮಕ್ಕೂ ಒಂದು. ಅ, ರ, ಏತ್ವ, ಹ, ಳ, ವಿರಾಮ, ಳ, ಗುಡಿಸು. ಎಂಟು ಸಂಕೇತ. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ, ಹಾಗಾಗಿ 24. ಕಣ್ಣಿಗೆ ಕಾಣುವ ಅಕ್ಷರ ನಾಲ್ಕು. ಎಣಿಸುವುದು ಅಂದರೆ ಏನನ್ನು ಎಣಿಸುವುದು ಎಂದು ಮೊದಲು ತೀರ್ಮಾನಿಸಬೇಕೆಂಬುದು ಈ ಶಾಸ್ತ್ರದ ಮೂಲಪಾಠ. ಇಂಗ್ಲಿಷಿನಲ್ಲಷ್ಟೇ ಕಲಿತವನಿಗೆ ಈ ಪ್ರಶ್ನೆ ವರ್ಷಗಟ್ಟಲೆ ಎದುರಾಗದೆಯೂ ಇರಬಹುದು, ಅಲ್ಲಿ ಮೂರು ಲೆಕ್ಕವೂ ಹೆಚ್ಚಿನಂಶ ಒಂದೇ. ಕನ್ನಡದ ಹುಡುಗನಿಗೆ ಮೊದಲ ದಿನವೇ ಎದುರಾಯಿತು.

ಆಮೇಲೆ ಲ್ಯಾಬಿನಲ್ಲಿ ಹಬ್ಬ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದ ಕಂಡುಹಿಡಿಯುವ ಪ್ರೋಗ್ರಾಂ ಎಲ್ಲ ಪುಸ್ತಕದಲ್ಲೂ ಇರುತ್ತದೆ. 'ಕನಕ' ಕೊಟ್ಟರು, ಯಂತ್ರ ಹೌದೆಂದಿತು. 'ಕಿಟಕಿ' ಕೊಟ್ಟರು, ಅಲ್ಲವೆಂದಿತು. 'ವಿಕಟಕವಿ'ಯನ್ನೂ ಒಪ್ಪಲಿಲ್ಲ. ಗುಡಿಸು ಅಕ್ಷರದ ನಂತರ ಕೂತಿರುವುದರಿಂದ, ಸಂಕೇತಗಳನ್ನು ಸುಮ್ಮನೆ ತಿರುವಿದರೆ ಅದು ತನ್ನ ವ್ಯಂಜನವನ್ನು ಬಿಟ್ಟು ಬೇರೆಯದನ್ನು ಹಿಡಿಯುತ್ತದೆ. 'ಹಾಸನ' ತಿರುವಿದರೆ 'ನಸಹಾ' ಆಗಬೇಕು, 'ನಸಾಹ' ಆಗಿ ಕೂತಿತು. ಸಂಜೆ ಐದರ ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು ಕೂತು, ಮೊದಲು ಸಂಕೇತಗಳನ್ನು ಅಕ್ಷರಗಳಾಗಿ ಗುಂಪು ಕಟ್ಟಿ, ಆಮೇಲೆ ಗುಂಪುಗಳನ್ನು ತಿರುವಿದಾಗ ಕಿಟಕಿ ಕಿಟಕಿಯಾಗಿಯೇ ಬಂತು. ಇಂಥ ಸಂಜೆ ಒಂದು ಸಿಕ್ಕರೆ ಸಾಕು, ಆ ಮಕ್ಕಳು ಜೀವನಪೂರ್ತಿ ಈ ವಿಷಯವನ್ನು ಬಿಡುವುದಿಲ್ಲ.

ಈ ಹುಡುಗರ ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಬಹುಕಾಲ ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಎಣಿಸಲಾದ, ಸುಮಾರು 450ರ ಕಾಲದ, ಹದಿನಾರು ಸಾಲಿನ ಕಲ್ಲು ಸಿಕ್ಕಿದ್ದು ಅಲ್ಲಿ; 1936ರಲ್ಲಿ ಅದನ್ನು ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಪಕ್ಕದ ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ, ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ನಿಲ್ಲದಿದ್ದರೆ ಭಾಷೆಗೇ ಉಳಿವಿಲ್ಲವೆಂದು 2007ರಲ್ಲಿ ತೀರಿಕೊಳ್ಳುವವರೆಗೂ ಒತ್ತಿ ಹೇಳುತ್ತಿದ್ದರು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವೇ 'ನುಡಿ' ತಂತ್ರಾಂಶದಲ್ಲೂ ಬಂತು. ನಾಡಕಚೇರಿಯಿಂದ ಪತ್ರಿಕಾ ಕಚೇರಿಯವರೆಗೆ ಕನ್ನಡ ಒತ್ತುವವರ ಬೆರಳುಗಳು ಅದಕ್ಕೆ ಪಳಗಿವೆ. ಕಂಪ್ಯೂಟರಿಗೆ ಕನ್ನಡ ಕಲಿಸುವ ಈ ಕೆಲಸ ಇನ್ನೂ ಮುಗಿದಿಲ್ಲ. ಹಳೆಯ ಪುಸ್ತಕದ ಪುಟವನ್ನು ಓದಿಸುವುದು, ಹಾಸನದ ಆಡುಮಾತನ್ನು ಯಂತ್ರಕ್ಕೆ ತಿಳಿಸುವುದು, ಕನ್ನಡದ ಕಾಗುಣಿತ ತಿದ್ದುವುದು, ಎಲ್ಲಕ್ಕೂ ಸಿ.ಎಸ್. ಓದಿದ ಕನ್ನಡದ ಮಕ್ಕಳೇ ಬೇಕು.

ನಾಲ್ಕನೇ ಸೆಮಿಸ್ಟರ್‌ನಲ್ಲಿ ಡಿಬಿಎಂಎಸ್, ಅಂದರೆ ಡೇಟಾಬೇಸಿನ ಪಾಠ ಬರುತ್ತದೆ. ಮಿನಿ ಪ್ರಾಜೆಕ್ಟಿಗೆ ಹೆಚ್ಚಿನವರು ಲೈಬ್ರರಿ, ಆಸ್ಪತ್ರೆ, ಹೋಟೆಲ್ ಎಂದು ಹಿಂದಿನ ವರ್ಷದವರು ಮಾಡಿದ್ದನ್ನೇ ಮಾಡುತ್ತಾರೆ. ಕಾಫಿ ಸೀಮೆಯವರಿಗೆ ಕಣ್ಣೆದುರೇ ಇರುವ ಒಂದು ದಾಖಲೆ ಎಂದರೆ ಎಸ್ಟೇಟಿನ ಚೆಕ್‌ರೋಲು. ಸಂಜೆ ನಾಲ್ಕಕ್ಕೆ ಹಣ್ಣಿನ ಚೀಲಗಳು ತೂಕಕ್ಕೆ ಬರುತ್ತವೆ. ಮೇಸ್ತ್ರಿ ಕಿಲೋ ಕೂಗುತ್ತಾನೆ, ರೈಟರ್ ಹೆಸರಿನೆದುರು ಬರೆದುಕೊಳ್ಳುತ್ತಾನೆ. ಲಕ್ಷ್ಮಿ ಎಂಬವರು ಮೂವರಿದ್ದರೆ ಪುಸ್ತಕದಲ್ಲಿ 'ಮೇಲಿನ ಲೈನ್ ಲಕ್ಷ್ಮಿ', 'ಕುಮಾರನ ಹೆಂಡತಿ ಲಕ್ಷ್ಮಿ', 'ಹೊಸ ಲಕ್ಷ್ಮಿ' ಎಂದಿರುತ್ತದೆ. ಇಬ್ಬರು ಒಂದೇ ಚೀಲಕ್ಕೆ ಕುಯ್ದಿದ್ದರೆ ಅದಕ್ಕೊಂದು ಗುರುತು. ಮುಂಗಡ ತೆಗೆದುಕೊಂಡವರ ಲೆಕ್ಕ ಕೊನೆಯ ಪುಟದಲ್ಲಿ. ಪ್ರೈಮರಿ ಕೀ ಎಂದರೇನು, ಒಂದೇ ಮಾಹಿತಿಯನ್ನು ಎರಡು ಕಡೆ ಬರೆದರೆ ಏನು ಕೆಡುತ್ತದೆ, ಎರಡು ಪಟ್ಟಿಗಳನ್ನು ಯಾವ ಕೊಂಡಿಯಿಂದ ಸೇರಿಸಬೇಕು ಎಂಬ ಪಾಠವೆಲ್ಲ ಆ ಎಣ್ಣೆಗಪ್ಪು ಬಣ್ಣದ ಪುಸ್ತಕದಲ್ಲಿದೆ. ಆಳಿನ ತೂಕ ತಪ್ಪು ಹೆಸರಿಗೆ ಹೋದರೆ ಶನಿವಾರದ ಬಟವಾಡೆಯಲ್ಲಿ ಅವಳ ಹೊಟ್ಟೆಗೆ ಏಟು. ಪರೀಕ್ಷೆಯಲ್ಲಿ ಎರಡು ಅಂಕ ಹೋಗುವುದಕ್ಕಿಂತ ಇದು ದೊಡ್ಡದು. ಇದನ್ನು ಕಂಡ ವಿದ್ಯಾರ್ಥಿ ಡೇಟಾಬೇಸನ್ನು ಹಗುರವಾಗಿ ತೆಗೆದುಕೊಳ್ಳಲಾರ.

ಇನ್ನೊಂದು ಪುಸ್ತಕ ಮಳೆಯದು. ಮಲೆನಾಡಿನ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅಜ್ಜನ ಕಾಲದಿಂದ ದಿನಾ ಬೆಳಿಗ್ಗೆ ಮಾಪಕ ನೋಡಿ ಬರೆದಿಟ್ಟ ರಿಜಿಸ್ಟರುಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಒಂದು ಇಂಚಾದರೂ ಬೀಳಬೇಕು, ಅದಾಗಿ ಕೆಲವು ವಾರಕ್ಕೆ ಬ್ಯಾಕಿಂಗ್ ಮಳೆ ಬರಬೇಕು; ತಪ್ಪಿದರೆ ಆ ವರ್ಷದ ಬೆಳೆಯೇ ತಪ್ಪಿದಂತೆ. ಈಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅಟ್ಟದ ಪುಸ್ತಕವನ್ನೂ ಈ ಹೊಸ ಲೆಕ್ಕವನ್ನೂ ಕೂಡಿಸಿ ಕೂತರೆ ಒಂದು ಹೋಬಳಿಯ ಮಳೆಯ ಚರಿತ್ರೆ ತೆರೆದುಕೊಳ್ಳುತ್ತದೆ. ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಕಾಣುವುದಿಲ್ಲ.

ಆನೆಯ ಮಾತು ಬಿಟ್ಟು ಅರೇಹಳ್ಳಿಯ ಚಿತ್ರ ಬರೆಯಲಾಗದು. ಅರೇಹಳ್ಳಿ, ಬಿಕ್ಕೋಡು ಹೋಬಳಿಗಳ ತೋಟಗಳಲ್ಲಿ ಕಾಡಾನೆಗಳ ಹಿಂಡು ಬೀಡುಬಿಡುತ್ತದೆ. ಗಿಡ ಮುರಿಯುವುದಿರಲಿ, ಜೀವಗಳೇ ಹೋಗಿವೆ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ ಮಕ್ಕಳು ಫೋನಿನಲ್ಲಿ ಮೊದಲು ನೋಡುವುದು ಆನೆ ಎಲ್ಲಿದೆ ಎಂಬ ಸುದ್ದಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡಿನ ಬೆನ್ನು ಹತ್ತಿ ವಾಟ್ಸಾಪ್ ಗುಂಪುಗಳಿಗೆ ತಿಳಿಸುತ್ತಾರೆ. ಜಿಲ್ಲೆಯ ಕೆಲವು ಆನೆಗಳ ಕೊರಳಿಗೆ ರೇಡಿಯೊ ಕಾಲರ್ ಹಾಕಿದ್ದಾರೆ. ಕಾಲರ್ ನಿಗದಿತ ಹೊತ್ತಿಗೊಮ್ಮೆ ಸ್ಥಳ ಹೇಳುತ್ತದೆ. ನಡುವಿನ ಹೊತ್ತಿನಲ್ಲಿ ಆನೆ ಎಲ್ಲಿರಬಹುದು? ಎಷ್ಟು ದೂರದ ಮನೆಗಳಿಗೆ ಸಂದೇಶ ಕಳಿಸಬೇಕು? ಎಲ್ಲರಿಗೂ ಕಳಿಸಿದರೆ ನಾಲ್ಕು ದಿನಕ್ಕೆ ಯಾರೂ ನೋಡುವುದಿಲ್ಲ. ಕಡಿಮೆ ಮನೆಗೆ ಕಳಿಸಿದರೆ ತಪ್ಪಿದ ಒಂದು ಮನೆಯೇ ಸಾಕು. ಸಿಗ್ನಲ್ ಸಿಗದ ಇಳಿಜಾರಿನ ಲೈನ್ ಮನೆಗೆ ಹೇಗೆ ಮುಟ್ಟಿಸುವುದು? ಅಲ್ಗಾರಿದಮ್, ನೆಟ್‌ವರ್ಕ್, ಡೇಟಾಬೇಸ್ ಮೂರೂ ಸೇರಿದ ಲೆಕ್ಕ ಇದು. ತಪ್ಪಿದರೆ ಏನಾಗುತ್ತದೆ ಎಂದು ಅರೇಹಳ್ಳಿಯ ವಿದ್ಯಾರ್ಥಿಗೆ ಯಾರೂ ವಿವರಿಸಬೇಕಿಲ್ಲ.

ಸಿಗ್ನಲ್ಲಿನದು ಹಳೆಯ ಕಥೆ. 2020ರಲ್ಲಿ ತರಗತಿಗಳೆಲ್ಲ ಫೋನಿಗೆ ಬಂದಾಗ ಮಲೆನಾಡಿನಾದ್ಯಂತ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ್ದನ್ನು ನಾಡೆಲ್ಲ ನೋಡಿತು. ಈಗ ಟವರುಗಳು ಹೆಚ್ಚಿವೆ. ಆದರೂ ಜೂನ್, ಜುಲೈ ಮಳೆಗೆ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಟವರಿನ ಬ್ಯಾಟರಿ ಮುಗಿದ ಮೇಲೆ ಅದೂ ಇಲ್ಲ. ಸಮ ಸೆಮಿಸ್ಟರ್ ಪರೀಕ್ಷೆ ಆ ಹೊತ್ತಿಗೇ ಬಂದು ಕೂತಿರುತ್ತದೆ. ಹಾಸ್ಟೆಲಿಗೆ ಬೇಗ ಮರಳಿದವರು ಬಚಾವು.

ಇತ್ತೀಚೆಗೆ ಮನೆಗಳಲ್ಲಿ ಒಂದು ಹೊಸ ಅಳುಕು ಕೇಳುತ್ತಿದೆ. "ಇನ್ಮೇಲೆ ಕಂಪ್ಯೂಟ್ರೇ ಪ್ರೋಗ್ರಾಂ ಬರೀತದಂತಲ್ಲಪ್ಪ, ನಿಮಗೇನು ಕೆಲ್ಸ?" 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎರಡನೇ ಸೆಮಿಸ್ಟರ್‌ನ ಹುಡುಗನೂ ಲ್ಯಾಬ್ ಪ್ರೋಗ್ರಾಮನ್ನು ಅದರಿಂದಲೇ ಬರೆಸುತ್ತಾನೆ. ವೈವಾದಲ್ಲಿ "ಈ ಸಾಲು ಯಾಕಪ್ಪ ಬೇಕು?" ಎಂದರೆ ಮುಖ ಬಾಡುತ್ತದೆ. ಯಂತ್ರ ಬರೆದುಕೊಟ್ಟಿದ್ದರಲ್ಲಿ ತಪ್ಪು ಎಲ್ಲಿದೆ ಎಂದು ಕಾಣಬೇಕಾದರೆ ಪ್ರತಿ ಸಾಲನ್ನೂ ಪೆನ್ಸಿಲ್ ಹಿಡಿದು ಓಡಿಸಿ ನೋಡುವ ಗುಣ ಬೇಕು. ಕಣದ ಅಂಚಿನಲ್ಲಿ ಕಾಗದದ ಮೇಲೆ ಕಲಿತವರಿಗೆ ಅದು ಬಂದಿರುತ್ತದೆ. ಕಲಿಯದೆ ಅಂಕ ಪಡೆದವರಿಗೆ ಮುಂದಿನ ದಿನಗಳು ಕಷ್ಟದವೇ. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು.

ಅರೇಹಳ್ಳಿ, ಬಿಕ್ಕೋಡು, ಮಾದಿಹಳ್ಳಿ, ಹಳೇಬೀಡು ಹೋಬಳಿಗಳಿಂದ ಹೋಗಿ ಈ ವಿಷಯ ಓದಿ ಕೆಲಸ ಹಿಡಿದವರು ಬೆಂಗಳೂರಿನಲ್ಲೂ ಹೊರದೇಶದಲ್ಲೂ ಇದ್ದೀರಿ. ಹಬ್ಬಕ್ಕೋ ಮದುವೆಗೋ ಊರಿಗೆ ಬರುತ್ತೀರಿ. ಬಂದಾಗ ನೀವು ಓದಿದ ಪ್ರೌಢಶಾಲೆಗೆ ಒಂದು ಮಧ್ಯಾಹ್ನ ಕೊಡಿ. ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಜೊತೆ ಕೂತು ಈ ಓದು ಏನೆಂದು ಕನ್ನಡದಲ್ಲಿ ಹೇಳಿ. ಆಪ್ಷನ್ ಎಂಟ್ರಿಯ ವಾರದಲ್ಲಿ ಫೋನ್ ಎತ್ತಿ. ಕಂಪನಿ ಬದಲಿಸಿದಾಗ ಉಳಿಯುವ ನಿಮ್ಮ ಹಳೆಯ ಲ್ಯಾಪ್‌ಟಾಪನ್ನು ಮೊದಲ ವರ್ಷದ ಒಬ್ಬ ವಿದ್ಯಾರ್ಥಿಗೆ ತಲುಪಿಸಿ. ಮನೆಯಲ್ಲಿ ಸಿ.ಎಸ್. ಓದುವ ಮಗಳಿರುವ ಬೆಳೆಗಾರರಲ್ಲೂ ಒಂದು ಕೋರಿಕೆ: ಜನವರಿಯಲ್ಲಿ ಪರೀಕ್ಷೆ ಮುಗಿಯುವವರೆಗೆ ಅವಳನ್ನು ಕಣಕ್ಕೆ ಕರೆಯಬೇಡಿ, ಇನ್ನೊಂದು ಆಳು ಇಡಿ.